ಚಹಾ ಒಲ್ಲೆನೆಂದ ಐದು ವರ್ಷ

ಆಯೋಗದ ಸದಸ್ಯೆಯ ಕೆಲಸ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಹೇಳುವುದು ಒಂದೇ: ಚಹಾ ಒಲ್ಲೆ ಅನ್ನುವ ಕೆಲಸ. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಐದು ವರ್ಷ ಆ ಕುರ್ಚಿಯಲ್ಲಿ ಕೂತು ಎದ್ದು ಬಂದಿದ್ದೇನೆ. ಅಲ್ಲಿ ನನ್ನನ್ನು ದಣಿಸಿದ್ದು ದಪ್ಪ ದಪ್ಪ ಕಡತಗಳಲ್ಲ, ಇಂಗ್ಲಿಷಿನಲ್ಲಿ ವಾದ ಮಾಡುವ ವಕೀಲರೂ ಅಲ್ಲ. ಚಹಾ.

ಕಳೆದ ತಿಂಗಳು ಲಿಂಗಸುಗೂರಿನ ನಮ್ಮ ಓಣಿಯ ಹುಡುಗಿಯೊಬ್ಬಳು ಪೇಡೆ ಹಿಡಿದುಕೊಂಡು ಮನೆಗೆ ಬಂದಳು. ಕಾನೂನು ಓದಿದವಳು, ಅದೇ ಆಯೋಗದ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. "ಮೇಡಂ, ಅಲ್ಲಿ ಹೆಂಗ ಇರತೈತ್ರಿ?" ಎಂದು ಕೇಳಿದಳು. ನಾನು ಪೇಡೆ ತಿನ್ನುತ್ತಾ ರಜೆ, ಬಡ್ತಿ, ಬೆಂಗಳೂರಿನ ಬಾಡಿಗೆ ಮನೆ ಅಂತ ಏನೇನೋ ಹೇಳಿದೆ. ಅವಳು ಹೋದ ಮೇಲೆ, ಹೇಳಬೇಕಾದ ಒಂದನ್ನೂ ಹೇಳಲಿಲ್ಲ ಅನಿಸಿತು. ಆದ್ದರಿಂದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಕರೆಂಟು ಕೊಡುವುದು ಕಂಪನಿ, ಬಳಸುವುದು ಜನ. ದರ ಎಷ್ಟಿರಬೇಕು, ಎಷ್ಟು ತಾಸು ಕೊಡಬೇಕು, ಕೊಡದಿದ್ದರೆ ಏನಾಗಬೇಕು ಎನ್ನುವುದನ್ನು ಇಬ್ಬರ ಮಾತೂ ಕೇಳಿ ಫೈಸಲಾ ಮಾಡುವುದು ಆಯೋಗ. ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು, ಒಟ್ಟು ಮೂವರು. ಕೋರ್ಟಿನ ಹಾಗೆಯೇ ನಡೆಯುತ್ತದೆ, ಕರಿಕೋಟು ಮಾತ್ರ ಇಲ್ಲ. ಅಂಥ ಕಡೆ ಜಿಲ್ಲಾ ಪಂಚಾಯ್ತಿಯ ರಾಜಕಾರಣ ಮಾಡಿಕೊಂಡಿದ್ದ ನಾನು ಹೇಗೆ ಹೋದೆ ಎನ್ನುವುದು ಈ ಕಥೆ.

ನಾನು ಗುರುಗುಂಟಾದವಳು. ನಮ್ಮ ಕಡೆಯ ದೇವರ ಹೆಸರನ್ನೇ ಇಟ್ಟು ಅಮರಮ್ಮ ಎಂದು ಕರೆದರು. ರಾಯಚೂರಿನಲ್ಲಿ ಕಾನೂನು ಓದಿ ಲಿಂಗಸುಗೂರು ಕೋರ್ಟಿನಲ್ಲಿ ವಕೀಲಿಕೆ ಶುರುಮಾಡಿದೆ. ನನಗೆ ಹೆಸರು ತಂದ ಮೊದಲ ಕೇಸು ಕುರಿಗಳದ್ದು. ನಮ್ಮೂರ ಕುರಿಗಾರನ ಹಿಂಡಿನ ಮೇಲೆ ಕರೆಂಟಿನ ತಂತಿ ಹರಿದು ಬಿದ್ದಿತ್ತು. ಗಾಳಿ ಬೀಸಿತು, ತಂತಿ ಹರಿಯಿತು, ಅದರಲ್ಲಿ ನಮ್ಮ ತಪ್ಪೇನು ಎಂದು ಕಂಪನಿಯವರು ವಾದಿಸಿದರು. ನಾನು ಆ ಕಂಬದ ಬುಡಕ್ಕೆ ಹೋಗಿ ನೋಡಿದೆ. ಬಿದ್ದ ತಂತಿಗೆ ಮೂರು ಕಡೆ ಹಳೆಯ ಗಂಟು. ಹರಿದಾಗಲೆಲ್ಲ ಬದಲಿಸದೆ ಗಂಟು ಹಾಕಿ ಬಿಟ್ಟಿದ್ದರು. ಆ ತುಂಡನ್ನೇ ಸುರುಳಿ ಸುತ್ತಿ ಚೀಲದಲ್ಲಿ ಹಾಕಿಕೊಂಡು ಹೋಗಿ ನ್ಯಾಯಾಧೀಶರ ಮೇಜಿನ ಮೇಲೆ ಇಟ್ಟೆ. ಕೇಸು ಗೆದ್ದ ಮೇಲೆ ಕುರಿಗಾರ ಒಂದು ಕಂಬಳಿ ತಂದುಕೊಟ್ಟ. ಇವತ್ತಿಗೂ ಚಳಿಗಾಲದಲ್ಲಿ ಅದನ್ನೇ ಹೊದೆಯುತ್ತೇನೆ.

ಆ ಕೇಸಿನ ಗುಲ್ಲು ನನ್ನನ್ನು ಜಿಲ್ಲಾ ಪಂಚಾಯ್ತಿಗೆ ಕಳಿಸಿತು. ಅಲ್ಲಿ ಪರಿಚಯವಾದವಳು ಮುಕ್ಕುಂದದ ಹುಲಿಗೆಮ್ಮ. ನನಗಿಂತ ಹತ್ತು ವರ್ಷ ಹಿರಿಯಳು, ಎತ್ತರದ ಆಳು, ಭತ್ತದ ಗದ್ದೆಯ ಕೆಲಸದಲ್ಲಿ ಗಟ್ಟಿಯಾದ ಕೈ. ಹೆಚ್ಚು ಓದಿದವಳಲ್ಲ, ಆದರೆ ಯಾವ ಅಧಿಕಾರಿ ಯಾವ ಮಾತನ್ನು ಯಾವ ಸಭೆಯಲ್ಲಿ ಆಡಿದ್ದ ಎನ್ನುವುದೆಲ್ಲ ಬಾಯಿಪಾಠ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅಮ್ರಿ ಅನ್ನುತ್ತಿದ್ದಳು. ಪಕ್ಷದ ಕೆಲಸಕ್ಕೆ ಮೂರು ತಾಲ್ಲೂಕು ಸುತ್ತುವುದಿತ್ತು. ನಾನು ಲಿಂಗಸುಗೂರಿನಿಂದ ಬಸ್ಸು ಹತ್ತುವೆ, ಅವಳು ಸಿಂಧನೂರಿಗೆ ಬಂದು ಅಲ್ಲಿಂದ ಹತ್ತುವಳು, ಇಬ್ಬರೂ ನಡುದಾರಿಯ ಮಸ್ಕಿಯಲ್ಲಿ ಇಳಿಯುವೆವು. ಬಸ್‌ ಸ್ಟ್ಯಾಂಡಿನ ಎದುರು ಒಂದು ಸಣ್ಣ ಹೋಟೆಲು. ಒಂದು ಪ್ಲೇಟ್ ಮಂಡಾಳು, ಅಂದರೆ ಮಂಡಕ್ಕಿಯ ಒಗ್ಗರಣೆ, ಎರಡು ಮಿರ್ಚಿ, ಬೈ ಟೂ ಚಹಾ. ಇಡೀ ಚಹಾ ಹೇಳೋಣ ಅಂದರೆ ಹುಲಿಗೆಮ್ಮಕ್ಕ ಒಪ್ಪುತ್ತಿರಲಿಲ್ಲ. "ಇಡೀ ಕುಡದ್ರ ಮಾತು ಲಗೂ ಮುಗಿತೈತಿ. ಅರ್ಧ ಕುಡದು ಇನ್ನರ್ಧ ಹೇಳೂನು" ಅನ್ನುತ್ತಿದ್ದಳು. ಹಾಗೆ ಅರ್ಧರ್ಧವಾಗಿ ನಾಲ್ಕು ಸಲ ಚಹಾ ಬರುತ್ತಿತ್ತು. ನನ್ನ ರಾಜಕೀಯ ವಿದ್ಯೆಯೆಲ್ಲ ಆ ಬೆಂಚಿನ ಮೇಲೆ ಆದದ್ದು.

ಇನ್ನು ಸ್ವಲ್ಪ ವಿದ್ಯೆ ಕಲಿಸಿದವರು ನಾವೆಲ್ಲ ಮುತ್ಯಾ ಅನ್ನುತ್ತಿದ್ದ ಪಕ್ಷದ ಹಿರಿಯರು. ಮೊದಲ ಸಲ ಗೆದ್ದ ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಬಂದವ್ರ ಮುಂದ ಇಲ್ಲ ಅನಬ್ಯಾಡವ್ವಾ. ಆತು ಬಿಡ್ರಿ ಅನ್ನು. ಆಗೂದು ಬಿಡೂದು ಆಮ್ಯಾಗಿಂದು. ಆ ಮಾತು ಕೇಳಿ ಪಾಪ ಅವ ಊರಿಗಿ ಹೋಗಿ ಒಂದಿನ ನೆಟ್ಟಗ ನಿದ್ದಿ ಮಾಡ್ತಾನ." ನಾನು ಅದನ್ನು ಚೆನ್ನಾಗಿ ಕಲಿತೆ. ರಸ್ತೆ ಬೇಕು ಅಂದರೆ ಆತು ಬಿಡ್ರಿ. ಶಾಲೆಗೆ ಕೋಣೆ ಬೇಕು ಅಂದರೆ ಆತು ಬಿಡ್ರಿ. ಕೆಲವು ಆದವು, ಕೆಲವು ಆಗಲಿಲ್ಲ. ಆದರೆ ಆ ಮಾತು ಹೇಳುವಾಗ ಎದುರಿನವರ ಮುಖ ಅರಳುತ್ತಿತ್ತಲ್ಲ, ಅದರ ರುಚಿ ಹತ್ತಿಬಿಟ್ಟಿತು.

ವಿಧಾನಸಭೆಗೆ ಒಮ್ಮೆ ನಿಂತು ಸೋತೆ. ಎಣಿಕೆ ಮುಗಿದ ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ. ನಿನ್ನೆಯವರೆಗೆ ಅಂಗಳ ತುಂಬ ಇದ್ದ ಜನ ಎಲ್ಲಿ ಕರಗಿದರೋ ತಿಳಿಯದು. ಹುಲಿಗೆಮ್ಮಕ್ಕ ಮುಕ್ಕುಂದದಿಂದ ಮೂರು ಬಸ್ಸು ಬದಲಿಸಿ ಬಂದಳು. ಒಳಗೆ ಹೋಗಿ ತಾನೇ ಚಹಾ ಕಾಸಿ, ಬಟ್ಟಲಿಗೆ ಅರ್ಧ ಸುರಿದು ನನ್ನ ಕೈಗಿಟ್ಟಳು. "ಕುಡಿ ಬೇ. ಸೋತದ್ದು ನೀ ಅಲ್ಲ, ಊರು" ಅಂದಳು. ಅಷ್ಟೇ. ಮತ್ತೆ ಆ ವಿಷಯ ತೆಗೆಯಲಿಲ್ಲ.

ಸೋತವಳಿಗೆ ಏನಾದರೂ ಕೊಡಬೇಕು ಎಂದು ಪಕ್ಷದಲ್ಲಿ ಮಾತು ನಡೆದಾಗ ಆಯೋಗದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಕಾನೂನು ಓದಿದ್ದಾಳೆ, ಕರೆಂಟಿನ ಕೇಸು ನಡೆಸಿದ್ದಾಳೆ, ಹೆಣ್ಣುಮಗಳು, ಈ ಕಡೆಯವಳು. ಎಲ್ಲವೂ ಕೂಡಿ ಬಂತು. ನನ್ನ ಯೋಗ್ಯತೆ ಕಂಡು ಕರೆದರು ಎಂದು ಬರೆದರೆ ಹುಲಿಗೆಮ್ಮಕ್ಕ ಇದನ್ನು ಯಾರಿಂದಲಾದರೂ ಓದಿಸಿಕೊಂಡು ಬಿದ್ದು ಬಿದ್ದು ನಗುತ್ತಾಳೆ. ಪಕ್ಷಕ್ಕೆ ರಾಜೀನಾಮೆ ಕೊಟ್ಟು, ಪ್ರಮಾಣ ಮಾಡಿ, ಬೆಂಗಳೂರಿನ ಕಚೇರಿಯಲ್ಲಿ ಕೂತೆ.

ಅಧ್ಯಕ್ಷರು ಹಳೆ ಮೈಸೂರಿನ ಕಡೆಯವರು. ಇಂಜಿನಿಯರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಮಾತು ಅಳತೆಯದ್ದು. ಮೊದಲ ವಿಚಾರಣೆ ಮುಗಿದ ಮೇಲೆ ನನ್ನನ್ನು ಕೋಣೆಗೆ ಕರೆದರು.

"ಅಮರಮ್ಮನವರೇ, ನೀವು ತಲೆ ಆಡಿಸ್ತೀರಿ."

"ಕೇಳಾಕತ್ತೀನಿ ಅಂತ ಅವ್ರಿಗೆ ತಿಳೀಲಿ ಅಂತರೀ."

"ನೀವು ಕೇಳಿದ್ದಕ್ಕೆ ಆಡಿಸ್ತೀರಿ. ಅವರು ಒಪ್ಪಿಗೆ ಅಂತ ತಿಳೀತಾರೆ. ಹೊರಗೆ ಹೋಗಿ ಗೆದ್ವಿ ಅಂತ ಹೇಳ್ಕೋತಾರೆ. ಗಲ್ಲದ ಕೆಳಗೆ ಕೈ ಕೊಟ್ಟು ಕೂತ್ಕೊಳ್ಳಿ, ತಲೆ ಅಲ್ಲಾಡೋದಿಲ್ಲ."

ಅಂದಿನಿಂದ ಗಲ್ಲಕ್ಕೆ ಕೈ ಕೊಟ್ಟು ಕೂರತೊಡಗಿದೆ. ಒಂದು ಪತ್ರಿಕೆಯಲ್ಲಿ ನನ್ನ ಫೋಟೋ ಹಾಕಿ, ವಿಚಾರಣೆಯಲ್ಲಿ ಸದಸ್ಯೆಗೆ ನಿದ್ದೆ ಎಂದು ಬರೆದರು. ಅಧ್ಯಕ್ಷರು ಆ ತುಣುಕನ್ನು ಕತ್ತರಿಸಿ ಕೊಟ್ಟು, "ಇದು ಒಳ್ಳೆಯ ಲಕ್ಷಣ" ಅಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಹಾದ ನಿಯಮವೂ ಅವರದ್ದೇ. ಊರುಗಳಿಗೆ ವಿಚಾರಣೆಗೆ ಹೋದಾಗ ಕಂಪನಿಯವರ ಚಹಾ ಬೇಡ, ಅರ್ಜಿದಾರರ ಚಹಾ ಬೇಡ, ಅವರ ಮನೆ ಬೇಡ, ಗಾಡಿ ಬೇಡ, ಒಬ್ಬರೇ ಇದ್ದಾಗ ಮಾತು ಬೇಡ. ನಾನು ತಡೆಯಲಾರದೆ, "ಸರ್, ನಮ್ಮ ಕಡೆ ಚಹಾ ಒಲ್ಲೆ ಅಂದ್ರ ಬೈದಂಗ್ರಿ" ಅಂದೆ. "ಹಾಗಾದರೆ ಐದು ವರ್ಷ ಬೈಯಿರಿ" ಅಂದರು.

ಆ ಕೆಲಸದಲ್ಲಿ ಸುಖವೇ ಇರಲಿಲ್ಲ ಅಂದುಕೊಳ್ಳಬೇಡಿ. ಲಿಂಗಸುಗೂರಿನಲ್ಲಿ ದರದ ವಿಚಾರಣೆ ಇಟ್ಟಾಗ ಹಟ್ಟಿಯಿಂದ ಒಬ್ಬ ಬಂದ. ಗಣಿಯ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದ, ಕೈಯಲ್ಲಿ ಊಟದ ಡಬ್ಬಿ. ಕಂಪನಿಯ ಅರ್ಜಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ನಾವು ಮೂವರೂ ಅದನ್ನು ಓದಿದ್ದೆವು, ನಮ್ಮ ಕಚೇರಿಯವರು ಓದಿದ್ದರು. ಅವನು ಮೈಕಿನ ಮುಂದೆ ನಿಂತು ಒಂದು ಪುಟ ತೆರೆದ. "ಈ ಕರೆಂಟಿನ ಸ್ಟೇಷನ್ನು ನಮ್ಮ ಮನಿ ಹಿಂದ ಐತ್ರಿ. ದಿನಾ ನೋಡ್ತೀನ್ರಿ. ಒಂದ ಐತ್ರಿ. ನಿಮ್ಮ ಪುಸ್ತಕದಾಗ ಎರಡು ಹೆಸರಲೆ ಎರಡು ಅದಾವು, ಖರ್ಚೂ ಎರಡು ಸಲ ಬರದೀರಿ. ಇನ್ನೊಂದು ಎಲ್ಲೈತಿ ಹೇಳ್ರಿ, ನೋಡಿ ಬರ್ತೀನಿ." ಸಭೆ ಹೋ ಎಂದು ನಕ್ಕಿತು. ಕಂಪನಿಯವರು ಕಾಗದ ತಿರುವಿ ತಿರುವಿ ಕೊನೆಗೆ ತಪ್ಪು ಒಪ್ಪಿಕೊಂಡರು. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟು: ಡಬ್ಬಿ ಹಿಡಿದು ಬಂದವರನ್ನು ಕೊನೆಗೆ ಕರೆಯಬೇಡಿ, ಮೊದಲು ಕರೆಯಿರಿ. ಅವರಿಗೆ ಮನೆಗೆ ಹೋಗುವುದಿರುತ್ತದೆ.

ಈಗ ಸಿಂಧನೂರಿನ ವಿಚಾರಣೆಗೆ ಬರುತ್ತೇನೆ. ಇದನ್ನು ಬರೆಯದೆ ಮುಂದೆ ಹೋಗುವ ಹಾಗಿಲ್ಲ.

ಮುಕ್ಕುಂದದ ಕಡೆಯ ಪಂಪ್‌ಸೆಟ್ಟಿನ ರೈತರು ಅರ್ಜಿ ಹಾಕಿದ್ದರು. ಮೊದಲ ಸಹಿ ಹುಲಿಗೆಮ್ಮಕ್ಕನದು. ಮೋಟಾರು ಓಡಲು ಬೇಕಾದ ಮೂರು ಫೇಜ್ ಕರೆಂಟನ್ನು ಕಂಪನಿ ಒಂದು ವಾರ ಹಗಲಿನಲ್ಲಿ, ಒಂದು ವಾರ ರಾತ್ರಿಯಲ್ಲಿ ಕೊಡುತ್ತಿತ್ತು. ಎಲ್ಲವನ್ನೂ ಹಗಲಿಗೇ ಕೊಡಿ ಎನ್ನುವುದು ಅರ್ಜಿ. ಅವಳ ಹೆಸರು ಕಂಡ ದಿನವೇ ನಾನು ಅಧ್ಯಕ್ಷರಿಗೆ ಈಕೆ ನನ್ನ ಗೆಳತಿ ಎಂದು ಬರೆದುಕೊಟ್ಟೆ. ಕಂಪನಿಯವರನ್ನು ಕೇಳಿದರು. ಅವರು ನಮ್ಮ ತಕರಾರಿಲ್ಲ ಅಂದರು. ಹಾಗಾಗಿ ನಾನೂ ಕೂತೆ.

ಟೌನ್ ಹಾಲಿನ ಬಾಗಿಲಲ್ಲಿ ಕಾರಿನಿಂದ ಇಳಿದಾಗ ಮುಕ್ಕುಂದದ ಜನ ಎರಡು ಟ್ರ್ಯಾಕ್ಟರಿನಲ್ಲಿ ಬಂದು ನಿಂತಿದ್ದರು. ಮುಂದೆ ಹುಲಿಗೆಮ್ಮಕ್ಕ, ಕೈಯಲ್ಲಿ ಸ್ಟೀಲಿನ ಥರ್ಮಾಸು. ನನ್ನನ್ನು ಕಂಡವಳೇ ಮುಚ್ಚಳ ತಿರುಗಿಸಿದಳು.

"ಬಂದ್ಯಾ ಅಮ್ರಿ? ದಣದಿ ನೋಡು. ಕುಡಿ ಬೇ, ಶುಂಠಿ ಹಾಕೀನಿ."

"ಒಲ್ಲೆ ಅಕ್ಕ. ಈಗ ಕುಡಿಯಂಗಿಲ್ಲ."

"ಕುಡಿಯಂಗಿಲ್ಲಾ? ಯಾರು ಅಂದಾರ?"

"ಕಾಯ್ದೆ ಅಕ್ಕ."

"ಚಹಾಕ್ಕೂ ಕಾಯ್ದೆ ಮಾಡ್ಯಾರೇನು?" ಎಂದು ನಗುತ್ತಲೇ ಲೋಟ ಮುಂದೆ ಚಾಚಿದಳು. ಊರ ಜನವೆಲ್ಲ ನೋಡುತ್ತಿತ್ತು. ನಾನು ಕೈ ಮುಂದೆ ಮಾಡಲಿಲ್ಲ. ಅವಳ ನಗು ನಿಂತಿತು. ಲೋಟದ ಚಹಾವನ್ನು ಮತ್ತೆ ಥರ್ಮಾಸಿಗೆ ಸುರಿದು ಮುಚ್ಚಳ ಬಿಗಿ ಮಾಡಿದಳು. "ಆತು ಬಿಡ್ರಿ ಮೇಡಂ" ಅಂದಳು.

ಅವಳು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ವೇದಿಕೆ ಹತ್ತಿ ಕೂತರೂ ಅದೇ ಕಿವಿಯಲ್ಲಿ. ಯಾರೋ ಏನೋ ಓದುತ್ತಿದ್ದರು, ನನ್ನ ತಲೆಗೊಂದೂ ಹತ್ತಲಿಲ್ಲ. ಆಮೇಲೆ ಅವಳ ಸರದಿ ಬಂತು. ಮೈಕು ಬೇಡವೆಂದು ಪಕ್ಕಕ್ಕೆ ಸರಿಸಿ ನಿಂತಳು.

"ಸಾಹೇಬ್ರ, ನಮಗ ಹೆಚ್ಚಿನ ತಾಸು ಬ್ಯಾಡ. ಕೊಡೂದನ್ನ ಹಗಲಿಗಿ ಕೊಡ್ರಿ. ನಮ್ಮ ಊರಾಗ ಗಂಡಸ್ರು ಇಲ್ಲದ ಮನಿ ಅದಾವು. ರಾತ್ರಿ ವಾರ ಬಂತಂದ್ರ ಆ ಮನಿ ಹೆಣ್ಮಕ್ಳ ಹೊಲಕ್ಕ ಹೋಗಿ ಮೋಟ್ರ ಚಾಲೂ ಮಾಡಬೇಕ್ರಿ. ನಾ ಅಂಜಂಗಿಲ್ಲ, ನನಗ ವಯಸ್ಸಾತು. ನನ್ನ ಸೊಸಿ ಅಂಜ್ತಾಳ. ಆಕಿ ಅಂಜೂದು ತಪ್ಪೇನ್ರಿ? ತಪ್ಪಂದ್ರ ಹಂಗಂತ ಬರದು ಕೊಡ್ರಿ, ಮನಿಗಿ ಒಯ್ದು ತೋರಸ್ತೀನಿ."

ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಅಧ್ಯಕ್ಷರನ್ನೇ ನೋಡುತ್ತಿದ್ದಳು. ನನಗೆ ಆಗ ಬೇಕಾಗಿದ್ದದ್ದು ಅವಳು ಒಮ್ಮೆ ನನ್ನ ಕಡೆ ನೋಡುವುದು, ಅಷ್ಟೇ. ಗಲ್ಲದ ಕೆಳಗಿನ ಕೈ ಯಾವಾಗ ತೆಗೆದೆನೋ ಗೊತ್ತಿಲ್ಲ.

"ಆತು ಬಿಡಕ್ಕ. ಹಗಲಿಗೇ ಕೊಡಸ್ತೀನಿ" ಅಂದೆ.

ಟೌನ್ ಹಾಲು ಚಪ್ಪಾಳೆಯಿಂದ ತುಂಬಿತು. ಹುಲಿಗೆಮ್ಮಕ್ಕ ನನ್ನ ಕಡೆ ತಿರುಗಿ ಕೈ ಮುಗಿದಳು, ಕಣ್ಣಲ್ಲಿ ನೀರಿತ್ತು. ಆ ಒಂದು ಕ್ಷಣ ನಾನು ಮಸ್ಕಿಯ ಬೆಂಚಿನ ಮೇಲಿದ್ದೆ. ಆಮೇಲೆ ಕಂಪನಿಯ ವಕೀಲರು ಎದ್ದು ನಿಂತರು. ಮೆತ್ತಗಿನ ದನಿಯ ಮನುಷ್ಯ. "ಮಾನ್ಯ ಸದಸ್ಯರು ಈಗ ಆಡಿದ ಮಾತನ್ನು ದಾಖಲು ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ನಮ್ಮ ವಾದ ಇನ್ನೂ ಆರಂಭವೇ ಆಗಿಲ್ಲ." ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು.

ವಾಪಸು ಹೋಗುವಾಗ ಕಾರು ಮಸ್ಕಿ ದಾಟಿದ ಮೇಲೆ ಅಧ್ಯಕ್ಷರು ಕೇಳಿದರು. "ನೀವು ಅವರಿಗೆ ಸಹಾಯ ಮಾಡಿದಿರಿ ಅಂದ್ಕೊಂಡಿದ್ದೀರಾ?"

"ಬಾಯಿ ಜಾರಿತ್ರಿ."

"ಬಾಯಿ ಜಾರಿದ್ದಲ್ಲ, ಅಭ್ಯಾಸ. ಇನ್ನು ಈ ಪ್ರಕರಣದಲ್ಲಿ ನೀವು ಕೂರೋ ಹಾಗಿಲ್ಲ. ಇನ್ನೊಬ್ಬ ಸದಸ್ಯರು ನಿವೃತ್ತಿಯಾದ ಮೇಲೆ ಮೂರನೆಯ ಕುರ್ಚಿ ಖಾಲಿ ಇದೆ. ನಾನೊಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ. ಹೊಸ ಸದಸ್ಯರು ಬರೋವರೆಗೆ ಅವರು ಕಾಯಬೇಕು."

ಅವರು ಒಂದು ವರ್ಷ ಕಾದರು. ಸಭೆ ಮುಗಿದ ದಿನವೇ ಮುಕ್ಕುಂದದಲ್ಲಿ ಪೇಡೆ ಹಂಚಿ, ಹಗಲು ಕರೆಂಟು ಬಂದೇಬಿಟ್ಟಿತು ಎಂದು ಸಾರಿದ್ದರಂತೆ. ಬರಲಿಲ್ಲ. ರಾತ್ರಿ ವಾರ ಬಂದಾಗಲೆಲ್ಲ ಜನ ಹುಲಿಗೆಮ್ಮಕ್ಕನ ಮನೆ ಮುಂದೆ ನಿಂತು, "ನಿನ್ನ ಗೆಳತಿ ಕೊಟ್ಟ ಕರೆಂಟು ಎಲ್ಲೈತಿ?" ಎಂದು ಕೇಳುತ್ತಿದ್ದರಂತೆ. ಮುಂದಿನ ಚುನಾವಣೆಗೆ ಊರವರು ಅವಳನ್ನು ನಿಲ್ಲಿಸಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಸಿಂಧನೂರಿಗೆ ಕೊಟ್ಟಿರುವ ನನ್ನ ತಂಗಿಯಿಂದ. ತಪ್ಪು ಅವಳದಲ್ಲ, ನನ್ನದು ಎಂದು ಊರವರಿಗೆ ಹೇಳೋಣವೆಂದರೆ ಹೇಳುವ ಹಾಗಿರಲಿಲ್ಲ, ಕೇಸು ನಡೆಯುತ್ತಿತ್ತು. ಫೋನು ಮಾಡುವ ಹಾಗೂ ಇರಲಿಲ್ಲ. ಅವಳೂ ಮಾಡಲಿಲ್ಲ.

ಒಮ್ಮೆ ಬೇರೆ ಕೆಲಸಕ್ಕೆ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ಮಸ್ಕಿ ಬಸ್‌ ಸ್ಟ್ಯಾಂಡಿನ ಮುಂದೆ ಲಾರಿಗಳು ಅಡ್ಡ ನಿಂತು ದಾರಿ ಕಟ್ಟಿತ್ತು. ಕಾರು ಸರಿಯಾಗಿ ಆ ಹೋಟೆಲಿನ ಎದುರೇ ನಿಂತಿತು. ಒಳಗೆ ನಮ್ಮ ಬೆಂಚಿನ ಮೇಲೆ ಹುಲಿಗೆಮ್ಮಕ್ಕ ಒಬ್ಬಳೇ ಕೂತು ಒಗ್ಗರಣೆ ತಿನ್ನುತ್ತಿದ್ದಳು. ಪ್ಲೇಟಿನಲ್ಲಿ ಎರಡು ಮಿರ್ಚಿ ಇದ್ದವು. ತಲೆ ಎತ್ತಿ ರಸ್ತೆಯ ಕಡೆ ನೋಡಿದಳು. ನಾನು ಕಾರಿನ ಗಾಜು ಏರಿಸಿದೆ. ಕರಿಯ ಗಾಜಲ್ಲ, ಒಳಗಿದ್ದವರು ಕಾಣುತ್ತಾರೆ. ಕಂಡಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆ ರಾತ್ರಿ ಊಟ ಸೇರಲಿಲ್ಲ.

ಹೊಸ ಸದಸ್ಯರು ಬಂದ ಮೇಲೆ ಇಬ್ಬರೂ ಕೂತು ಪ್ರಕರಣ ಕೇಳಿ ಮುಗಿಸಿದರು. ಆ ಲೈನಿಗೆ ಮೂರು ಫೇಜ್ ಪೂರ್ತಿ ಹಗಲಿಗೇ ಕೊಡಬೇಕೆಂದು ಆದೇಶವಾಯಿತು. ಅಧ್ಯಕ್ಷರು ಅದನ್ನು ಎಷ್ಟು ಕಟ್ಟುನಿಟ್ಟಾಗಿ ಬರೆದಿದ್ದರೆಂದರೆ ಕಂಪನಿಯವರು ಮೇಲ್ಮನವಿಗೆ ಹೋಗಿ ಬರಿಗೈಲಿ ಬಂದರು. "ನಿಮ್ಮ ಮಾತಿನ ಮೇಲೆ ಕೊಟ್ಟಿದ್ದರೆ ಒಂದೇ ತಿಂಗಳಲ್ಲಿ ಬಿದ್ದುಹೋಗ್ತಿತ್ತು" ಎಂದರು ಅಧ್ಯಕ್ಷರು. ನಿಜ. ನನ್ನ ಐದು ವರ್ಷದಲ್ಲಿ ನನ್ನ ಜನಕ್ಕೆ ಆದ ದೊಡ್ಡ ಉಪಕಾರ ಅದೇ, ಅದರಲ್ಲಿ ನನ್ನ ಸಹಿ ಇಲ್ಲ.

ಕೊನೆಯ ಎರಡು ವರ್ಷದಲ್ಲಿ ಕೆಲಸದ ರೀತಿಯೇ ಬದಲಾಯಿತು. ವಿಚಾರಣೆಗಳು ಕಂಪ್ಯೂಟರಿನ ಪರದೆಗೆ ಬಂದವು. ಜನ ಅಂಗೈಯಷ್ಟು ಚೌಕದಲ್ಲಿ ಕಾಣುತ್ತಾರೆ, ದನಿ ಬಂದರೆ ಮುಖ ಇಲ್ಲ, ಮುಖ ಬಂದರೆ ದನಿ ಇಲ್ಲ. ಒಬ್ಬ ರೈತ ಐದು ನಿಮಿಷ ಕೈ ಬೀಸಿ ಬೀಸಿ ಮಾತಾಡಿದ, ಅವನ ಮೈಕು ಬಂದ್ ಆಗಿತ್ತು. ಮತ್ತೆ ಹೇಳಿ ಅಂದಾಗ, "ಹೇಳೂದೆಲ್ಲ ಹೇಳೀನ್ರಿ" ಎಂದು ಎದ್ದು ಹೋದ. ಇದರಿಂದ ದೂರದವರಿಗೆ ಅನುಕೂಲವಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯಾರೂ ಚಹಾ ಕೊಡಲು ಬರುವುದಿಲ್ಲ, ಒಲ್ಲೆ ಅನ್ನುವ ಸಂಕಟವೂ ಇಲ್ಲ. ಆದರೆ ನನಗೆ ಟೌನ್ ಹಾಲಿನ ಆ ಗದ್ದಲ ಬೇಕಿತ್ತು. ಹೆಗಲ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಾ, "ಏ ಸುಮ್ನಿರ್ರಿ, ಅವ್ರು ಹೇಳಾಕತ್ಯಾರ" ಎಂದು ಒಬ್ಬರಿಗೊಬ್ಬರು ಗದರುವ ಜನ ಬೇಕಿತ್ತು. ಈಗಲೂ ಬೇಕು. ಮಧ್ಯಾಹ್ನ ಸುಮ್ಮನೆ ಕೂತಾಗ ಆ ಸದ್ದು ಕಿವಿಗೆ ಬಂದ ಹಾಗಾಗುತ್ತದೆ.

ಅವಧಿ ಮುಗಿಸಿ ಲಿಂಗಸುಗೂರಿಗೆ ವಾಪಸು ಬಂದೆ. ಇನ್ನು ಯಾರ ಮನೆಯ ಚಹಾ ಬೇಕಾದರೂ ಕುಡಿಯಬಹುದು. ಕುಡಿದೆ. ಎಲ್ಲರೂ ಒಳ್ಳೆಯ ಕಪ್ಪು ತೆಗೆದು, ಬಿಸ್ಕತ್ತು ಇಟ್ಟು, ಎದ್ದು ನಿಂತು ಕೊಡುತ್ತಾರೆ. "ತಗೋರಿ ಮೇಡಂ" ಅನ್ನುತ್ತಾರೆ. ಮಸ್ಕಿಯ ಹೋಟೆಲಿಗೂ ಎರಡು ಮೂರು ಸಲ ಬಸ್ಸಿನಲ್ಲಿ ಹೋಗಿ ಕೂತು ಬಂದೆ. ಹೋಟೆಲಿನವನು ಗುರುತು ಹಿಡಿದು ಇಡೀ ಚಹಾ ತಂದಿಟ್ಟ. ಮುಕ್ಕುಂದಕ್ಕೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಬಾಗಿಲಲ್ಲಿ ನಿಂತು ಏನನ್ನಲಿ? ಕಾರಿನ ಗಾಜು ಏರಿಸಿದವಳು ಬಂದೀನಿ ಅನ್ನಲೇ?

ಮೂರು ತಿಂಗಳ ಹಿಂದೆ ಸಿಂಧನೂರಿನಲ್ಲಿ ಮತ್ತೆ ವಿಚಾರಣೆ ಇದೆ ಎಂದು ತಂಗಿ ತಿಳಿಸಿದಳು. ಹಗಲು ಕರೆಂಟಿನ ಆದೇಶವನ್ನು ಬದಲಿಸಿ ಮತ್ತೆ ರಾತ್ರಿ ವಾರ ತರಬೇಕೆಂದು ಕಂಪನಿ ಹೊಸ ಅರ್ಜಿ ಹಾಕಿತ್ತು. ಈ ಸಲ ಪರದೆಯಲ್ಲಲ್ಲ, ಟೌನ್ ಹಾಲಿನಲ್ಲೇ. ಅಧ್ಯಕ್ಷರು, ಸದಸ್ಯರು ಎಲ್ಲ ಹೊಸಬರು. ಅವರ ಮುಂದೆ ಯಾರ ಪರವಾಗಿಯೂ ಮಾತಾಡುವ ಹಾಗಿಲ್ಲ ನಾನು, ಕೇಳಲು ಅಡ್ಡಿಯಿಲ್ಲ. ಹೋಗಿ ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ ಕೂತೆ.

ಹುಲಿಗೆಮ್ಮಕ್ಕ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಸ್ವಲ್ಪ ವಾಲುತ್ತಿತ್ತು. ಜೊತೆಗೆ ಸೊಸೆ. ಸರದಿ ಬಂದಾಗ ಎದ್ದು, ಹಳೆಯ ಹಾಗೆಯೇ ಮೈಕು ಪಕ್ಕಕ್ಕೆ ಸರಿಸಿದಳು. ವೇದಿಕೆಯ ಮೇಲೆ ಎಳೆಯ ವಯಸ್ಸಿನ ಹೊಸ ಸದಸ್ಯರೊಬ್ಬರು ಅವಳು ಬಾಯಿ ತೆರೆಯುವ ಮೊದಲೇ ಹೌದು ಹೌದು ಎಂದು ತಲೆ ಆಡಿಸತೊಡಗಿದರು. ಹುಲಿಗೆಮ್ಮಕ್ಕ ಅವರನ್ನೇ ದಿಟ್ಟಿಸಿದಳು.

"ಸಾಹೇಬ್ರ, ತಲಿ ಅಲ್ಲಾಡಿಸಬ್ಯಾಡ್ರಿ" ಅಂದಳು. "ಹಿಂದಕ ಆ ಖುರ್ಚಿ ಮ್ಯಾಲೆ ನಮ್ಮಾಕಿ ಒಬ್ಬಾಕಿ ಕುಂತಿದ್ಲು. ನಾ ಕೊಟ್ಟ ಚಹಾ ಒಲ್ಲೆ ಅಂದ್ಲು. ಆವಾಗ ನನಗ ಸಿಟ್ಟು ಬಂತು, ಈಗ ತಿಳದೈತಿ, ಅದು ಬರೋಬ್ಬರಿ ಮಾಡಿದ್ಲು. ಆಮ್ಯಾಲೆ ನನ್ನ ಮಾರಿ ನೋಡಿ ಮಾತು ಕೊಟ್ಲು. ಅದು ತಪ್ಪು ಮಾಡಿದ್ಲು. ನಮಗ ಒಂದು ವರ್ಷ ಹೋತು. ನೀವು ಮಾತು ಕೊಡಬ್ಯಾಡ್ರಿ. ಕೇಳ್ರಿ, ಬರಕೋರಿ, ಅವ್ರದೂ ಕೇಳ್ರಿ. ಆಮ್ಯಾಲೆ ಗಟ್ಟಿಯಾಗಿ ಬರೀರಿ, ಯಾರೂ ಅಳಸಬಾರ್ದು."

ಜನ ನಕ್ಕರು. ಆ ಹೊಸ ಸದಸ್ಯರು ಗಲ್ಲಕ್ಕೆ ಕೈ ಕೊಟ್ಟು ಕೂತರು. ನಾನು ಕಂಬದ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಇಡೀ ಸಭೆಯ ಮುಂದೆ ನನ್ನ ತಪ್ಪು ಎತ್ತಿ ಆಡಿದ್ದಕ್ಕಲ್ಲ. ನಮ್ಮಾಕಿ ಅಂದಳಲ್ಲ, ಅದಕ್ಕೆ.

ಊಟದ ಬಿಡುವಿನಲ್ಲಿ ಹೊರಗೆ ಬೇವಿನ ಮರದ ಕೆಳಗೆ ಸೊಸೆಯ ಜೊತೆ ಕೂತಿದ್ದಳು. ಪಕ್ಕದಲ್ಲಿ ಅದೇ ಥರ್ಮಾಸು. ಹೋಗಿ ಎದುರು ನಿಂತೆ.

"ಅಕ್ಕ, ಚಹಾ ಐತೇನು?"

ತಲೆ ಎತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಥರ್ಮಾಸನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಐತಿ. ನಿನಗ ಕೊಡಂಗಿಲ್ಲ."

"ಇನ್ನಾ ಸಿಟ್ಟೈತೇನಕ್ಕ?"

"ಸಿಟ್ಟು ಬ್ಯಾರೆ. ನನ್ನ ಕೇಸು ನಡದೈತಿ. ನೀ ಹಳೇ ಮೆಂಬರು. ಕಂಪನಿ ವಕೀಲ ಅಲ್ಲೇ ಗೇಟಿನ್ಯಾಗ ನಿಂತಾನ ನೋಡು. ಅಮರಮ್ಮ ಬಂದು ಹುಲಿಗೆಮ್ಮನ ಚಹಾ ಕುಡದಾಳ, ಒಳಗ ಏನೋ ಐತಿ ಅಂತ ನಾಳೆ ಬರಸ್ತಾನ. ಇನ್ನೊಂದು ವರ್ಷ ನನ್ನ ಸೊಸಿ ಕಾಯಬೇಕೇನು?" ಎಂದು ದನಿ ತಗ್ಗಿಸಿದಳು. "ಹೋಗು ಈಗ. ಫೈಸಲಾ ಆದ ದಿನ ಮಸ್ಕಿಗಿ ಬಾ ಬೇ ಅಮ್ರಿ. ಅಲ್ಲಿ ಕುಡಿಯೂನು. ಬೈ ಟೂ."

ಹಿಂದಿರುಗಿ ನೋಡದೆ ಬಸ್‌ ಸ್ಟ್ಯಾಂಡಿಗೆ ನಡೆದೆ. ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ.

ಆದೇಶ ಇನ್ನೂ ಬಂದಿಲ್ಲ. ಎಷ್ಟೋ ಆದೇಶಗಳಿಗೆ ಸಹಿ ಮಾಡಿದವಳು ನಾನು. ಅವುಗಳಿಗಾಗಿ ಊರುಗಳಲ್ಲಿ ಜನ ಹೇಗೆ ದಿನ ಎಣಿಸುತ್ತಾರೆ ಎನ್ನುವುದು ಈಗ ತಿಳಿಯುತ್ತಿದೆ. ಪೇಡೆ ತಂದ ಹುಡುಗಿ ಸೇರುವುದು ಅದೇ ಕಚೇರಿಗೆ. ಆ ಕಡತ ಎಲ್ಲಿಗೆ ಬಂತು ನೋಡವ್ವಾ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಇದನ್ನು ಓದಿ ಅವಳು ತಾನಾಗಿ ಹೇಳಲು ಬಂದರೂ ಕೇಳಿಸಿಕೊಳ್ಳುವುದಿಲ್ಲ.

ಲಿಂಗಸುಗೂರಿನ ತುಂಬ ಈಗ ನನಗೆ ಚಹಾ ಕೊಡುವವರಿದ್ದಾರೆ. ಒಲ್ಲೆ ಅನ್ನುವ ಕಾರಣ ಒಂದೂ ಉಳಿದಿಲ್ಲ. ನನಗೆ ಬೇಕಾದದ್ದು ಅರ್ಧ ಕಪ್ಪು. ಅದು ಇನ್ನೂ ಆಯೋಗದ ಮುಂದಿದೆ.